ಶೆಟ್ಟಿ ಅಂಕಲ್ ಮಗಳು

ಸುಡಲಿಕ್ಕೆಂದೇ ಬಟ್ಟೆಯನ್ನು ಒಗೆದು, ನೆರಳಲ್ಲಿ ಒಣಗಿಸಿ, ಇಸ್ತ್ರಿ ಮಾಡಿ ಇಡುವ ಹೆಂಗಸು ಘಣಸೋಲಿಯಲ್ಲಿ ರಮಿತಾ ಒಬ್ಬಳೇ ಇರಬೇಕು. ಹೊಸ ಸೆಕ್ಟರುಗಳ ಎತ್ತರದ ಕಟ್ಟಡಗಳ ಹಿಂದೆ ಉಳಿದುಕೊಂಡಿರುವ ಹಳೆಯ ಊರಿನ ಗಲ್ಲಿಯೊಂದರಲ್ಲಿ ಅವಳ ಬಾಡಿಗೆ ಕೋಣೆ. ಮುಂದಿನ ಬಾಗಿಲಿಗೆ ಯಾರದ್ದಾದರೂ ಸ್ಕೂಟರ್ ಒರಗಿಕೊಂಡಿರುತ್ತದೆ. ಹಿಂದಿನ ಬಾಗಿಲು ತೆರೆದರೆ ಮನೆಯೊಡತಿ ಬೊಂಬಿಲ್ ಮೀನು ಒಣಗಿಸುವ ಅಂಗಳ. ನಡುವೆ ಮಡಕೆ ಮಾಡುವ ಚಕ್ರ, ಹೊಲಿಗೆ ಮೆಷಿನ್, ಮೂಲೆಯಲ್ಲಿ ಕರೆಂಟಿನ ಭಟ್ಟಿ.

ನುಣ್ಣನೆಯ ಬಿಳಿ ಮಣ್ಣನ್ನು ನೀರುದೋಸೆಯ ಹಿಟ್ಟಿನಷ್ಟು ತೆಳ್ಳಗೆ ಕಲಸಿ ಅವಳು ಹಳೆಯ ಹತ್ತಿ ಬಟ್ಟೆಯನ್ನು ಅದರಲ್ಲಿ ಅದ್ದುತ್ತಾಳೆ. ನೂಲುನೂಲಿಗೂ ಮಣ್ಣು ಹಿಡಿಯುವ ತನಕ ಕೈಯಲ್ಲಿ ತೀಡುತ್ತಾಳೆ. ಬೇಕಾದ ಹಾಗೆ ಮಡಚಿಯೋ ಇಳಿಬಿಟ್ಟೋ ಒಣಗಿಸಿ ಭಟ್ಟಿಗೆ ಇಡುತ್ತಾಳೆ. ಒಳಗೆ ಬಟ್ಟೆ ಉರಿದು ಹೋಗುತ್ತದೆ, ಮಣ್ಣು ಗಟ್ಟಿಯಾಗಿ ನಿಲ್ಲುತ್ತದೆ. ಮಾರನೆಯ ದಿನ ಭಟ್ಟಿಯ ಬಾಗಿಲು ತೆರೆದಾಗ ನೂಲೊಂದೂ ಉಳಿದಿರುವುದಿಲ್ಲ, ಆದರೆ ಅಂಚು, ತೇಪೆ, ಗುಂಡಿಯ ತೂತು, ಹೆಗಲ ಮೇಲೆ ಬಿದ್ದು ಬಿದ್ದು ಸವೆದ ಜಾಗ ಎಲ್ಲ ಇದ್ದ ಹಾಗೆಯೇ, ಹಪ್ಪಳದಷ್ಟು ತೆಳ್ಳಗೆ. ಪಾಲಿಯೆಸ್ಟರ್ ಇದಕ್ಕೆ ಆಗುವುದಿಲ್ಲ. ಅದು ಕರಗಿ ಕಪ್ಪು ಹೊಗೆ ಬಿಡುತ್ತದೆ, ಇಡೀ ಗಲ್ಲಿ ಬಾಗಿಲಿಗೆ ಬಂದು ನಿಲ್ಲುತ್ತದೆ. ಒಮ್ಮೆ ಹಾಗಾದ ಮೇಲೆ ಅವಳು ಒಂದು ಎಳೆ ಕಿತ್ತು ಬೆಂಕಿಕಡ್ಡಿ ತಾಗಿಸಿ ನೋಡದೆ ಏನನ್ನೂ ಅದ್ದುವುದಿಲ್ಲ.

ರೇಷ್ಮೆ ಸೀರೆಗಳು ಅವಳ ಕೆಲಸದಲ್ಲಿ ಇಲ್ಲ. ಕಳವಾ ಎಂಬ ಊರಿನ ಒಂದೇ ಕೋಣೆಯ ಮನೆಯಲ್ಲಿ ಬೆಳೆದವಳು ಅವಳು; ಕಣ್ಣಿಗೆ ಬಿದ್ದ ಬಟ್ಟೆಗಳೇ ಬೇರೆ. ಹೋಟೆಲಿನ ಇಡ್ಲಿ ಬಟ್ಟೆ, ರೈಲ್ವೆ ಕಾರ್‌ಶೆಡ್ಡಿಗೆ ಹೋಗುವವರ ಎಣ್ಣೆ ಹಿಡಿದ ನೀಲಿ ಅಂಗಿ, ಮತ್ತೆ ಅಮ್ಮನ ನೈಟಿ. ನಳಿನಾಕ್ಷಿ ಎದ್ದಾಗಿನಿಂದ ಮಲಗುವ ತನಕ ಹೂವಿನ ನೈಟಿಯಲ್ಲೇ ಇರುವವರು, ಬೆಲ್ ಆದರೆ ಅದರ ಮೇಲೊಂದು ಟವೆಲ್ ಹೊದ್ದು ಬಾಗಿಲು ತೆರೆಯುವವರು. ಆ ನೈಟಿ ಮಣ್ಣಾಗಿ ಹೊರಬಂದ ದಿನ ಫೋಟೋ ನೋಡಿ ಅವರು ಹೇಳಿದ್ದು ಇಷ್ಟೇ:

"ನನ್ನ ನೈಟಿಯನ್ನು ಜನ ಎಸಿ ಹಾಲಲ್ಲಿ ನಿಂತು ನೋಡೋದಾ? ಮೇಲೆ ಒಂದು ಟವೆಲಾದ್ರೂ ಹಾಕು ಮಾರಾಯ್ತಿ."

ರಮಿತಾ ಹಾಕಿದಳು. ಮಣ್ಣಿನ ಟವೆಲ್ ಹೊದ್ದ ಆ ಮಣ್ಣಿನ ನೈಟಿಯಿಂದಲೇ ಅವಳನ್ನು ನಾಲ್ಕು ಜನ ಗುರುತಿಸುವಂತಾಯಿತು. ಆಮೇಲೆ ಪತ್ರಿಕೆಯವರು ಬಂದಾಗಲೆಲ್ಲ ಒಂದು ಪ್ರಶ್ನೆ ತಪ್ಪುತ್ತಿರಲಿಲ್ಲ: ಮನೆಯಲ್ಲಿ ಯಾರಾದರೂ ಕಲಾವಿದರಿದ್ದರೇ? ಅವಳು ಇಲ್ಲ ಎನ್ನುತ್ತಿದ್ದಳು. ಉಡುಪಿ ಹೋಟೆಲಿನವರ ಮಗಳು, ತಾನಾಗಿ ಬೆಳೆದವಳು ಎಂದು ಅಚ್ಚಾಗುತ್ತಿತ್ತು. ಓದುವಾಗ ಬಾಯಲ್ಲಿ ಮರಳು ಸಿಕ್ಕ ಹಾಗಾಗುತ್ತಿತ್ತು ಅವಳಿಗೆ.

ಅಪ್ಪ ಪೂವಪ್ಪ ಉಡುಪಿ ಕಡೆಯಿಂದ ಮೀಸೆ ಮೂಡುವ ಮೊದಲೇ ಬಂದು ಠಾಣೆ ರೈಲು ಸ್ಟೇಷನ್ ಹತ್ತಿರದ ಹೋಟೆಲಿಗೆ ಸೇರಿದವರು. ಮೊದಲು ಮೇಜು ಒರೆಸುವ ಕೆಲಸ, ಮತ್ತೆ ಸಪ್ಲೈ, ಕೊನೆಯ ವರ್ಷಗಳಲ್ಲಿ ಧಣಿಗಳ ಬದಲಿಗೆ ಗಲ್ಲಾದಲ್ಲಿ ಕೂರುವುದು. ಈ ಕಡೆಯ ಗಿರಾಕಿಗಳಿಗೆ ಉಡುಪಿ ಹೋಟೆಲಿನಲ್ಲಿ ಹೆಗಲಿಗೆ ಬೈರಾಸು ಟವೆಲ್ ಹಾಕಿ ನಿಂತವನೆಲ್ಲ ಶೆಟ್ಟಿಯೇ. ಸೇರಿದ ಹೊಸತರಲ್ಲಿ ಪೂವಪ್ಪ ಒಬ್ಬ ಗಿರಾಕಿಗೆ, ತಾನು ಶೆಟ್ಟಿಯಲ್ಲ, ಧಣಿಗಳು ಮಾತ್ರ ಶೆಟ್ರು ಎಂದು ಮುರುಕು ಹಿಂದಿಯಲ್ಲಿ ವಿವರಿಸಿದ್ದರಂತೆ. ಆತ ಪೂರ್ತಿ ಕೇಳಿಸಿಕೊಂಡು, "ಠೀಕ್ ಹೈ ಶೆಟ್ಟಿ, ದೋ ಚಾಯ್ ಲಾ" ಎಂದನಂತೆ. ಧಣಿಗಳು ಕೂತಲ್ಲೇ ಹೊಟ್ಟೆ ಹಿಡಿದು ನಕ್ಕರು. ಆಮೇಲೆ ಪೂವಪ್ಪ ಯಾರನ್ನೂ ತಿದ್ದಲು ಹೋಗಲಿಲ್ಲ.

ಘೋಡಬಂದರ್ ರಸ್ತೆಯ ಸೊಸೈಟಿಯಲ್ಲಿ ಚಿಕ್ಕ ಫ್ಲ್ಯಾಟ್ ಕೊಂಡು ಹೋದಾಗ ಆ ಹೆಸರೂ ಜೊತೆಗೆ ಬಂತು. ಏಜೆಂಟ್ ಶೆಟ್ಟಿಜೀ ಎಂದು ಪರಿಚಯಿಸಿದ, ವಾಚ್‌ಮನ್ ಶೆಟ್ಟಿ ಸಾಬ್ ಎಂದ, ಮಕ್ಕಳಿಗೆ ಶೆಟ್ಟಿ ಅಂಕಲ್. ಬಾಗಿಲ ಮೇಲೆ ಬಂಗೇರ ಎಂದು ಬರೆದಿತ್ತು ನಿಜ. ಅದು ಬಳಿಯ, ಎಂದರೆ ಕುಲದ, ಹೆಸರು; ತುಳುವರಲ್ಲಿ ಎಷ್ಟೋ ಜಾತಿಯವರಿಗೆ ಇರುವಂಥದ್ದು. ಅದನ್ನು ಓದಿ ಇಲ್ಲಿ ಯಾರಿಗೂ ಏನೂ ತಿಳಿಯುವಂತಿರಲಿಲ್ಲ. ಗಣಪತಿ ಹಬ್ಬದಲ್ಲಿ ಸೊಸೈಟಿಯ ಊಟದ ಉಸ್ತುವಾರಿ ಪೂವಪ್ಪನವರದ್ದೇ. ಅವರು ಸೌಟಿನಿಂದ ಅಂಗೈಗೆ ಎರಡು ಹನಿ ಸಾಂಬಾರ್ ಹಾಕಿ ನೆಕ್ಕಿ ತಲೆಯಾಡಿಸುವ ತನಕ ಕೆಳಗಿನ ಮಹಡಿಯ ಮುಕ್ತಾತಾಯಿ ಪಾತ್ರೆ ಇಳಿಸಲು ಬಿಡುತ್ತಿರಲಿಲ್ಲ. ಹೋಟೆಲ್ ಬಿಟ್ಟ ಮೇಲೂ ಅವರಿಗೆ ಉಳಿದಿದ್ದ ಮರ್ಯಾದೆ ಅದು.

ತಮ್ಮವರನ್ನು ಮೂಲ್ಯರು ಎನ್ನುತ್ತಾರೆಂದು ರಮಿತಾಗೆ ಚಿಕ್ಕಂದಿನಿಂದ ಗೊತ್ತಿತ್ತು. ಮೂಲ್ಯರೆಂದರೆ ಕುಂಬಾರರು ಎಂದು ಮಾತ್ರ ಯಾರೂ ಹೇಳಿರಲಿಲ್ಲ. ಆರ್ಟ್ ಕಾಲೇಜಿನಿಂದ ತನ್ನ ಮೊದಲ ಬೋಗುಣಿಯನ್ನು ಲೋಕಲ್ ರೈಲಿನ ನೂಕುನುಗ್ಗಲಿನಲ್ಲಿ ಮಡಿಲಲ್ಲಿಟ್ಟುಕೊಂಡು ತಂದ ದಿನ ಅಪ್ಪ ಅದನ್ನು ನೋಡಿದರು, ಮುಟ್ಟಲಿಲ್ಲ, ಟಿವಿಯ ಸದ್ದು ಹೆಚ್ಚು ಮಾಡಿದರು. ಅಲಸಂಡೆ ಮುರಿಯುತ್ತಿದ್ದ ಅಮ್ಮ ದನಿ ತಗ್ಗಿಸಿ ಹೇಳಿದರು:

"ನಿನ್ನ ಅಪ್ಪನ ಮನೆಯವರು ಮಾಡ್ತಿದ್ದದ್ದು ಇದೇ. ಅಪ್ಪನೆದುರು ಕೇಳ್ಬೇಡ."

"ಕ್ಯೂಂ? ಕೇಳಿದ್ರೆ ಎಂತ ಆಗ್ತದೆ?"

"ಎಂತ ಆಗ್ಲಿಕ್ಕಿಲ್ಲ. ಊಟ ಬಿಡ್ತಾರೆ ಅಷ್ಟೆ."

ಅವಳು ಕೇಳಲಿಲ್ಲ. ಕೆಲವು ವರ್ಷಗಳ ನಂತರ ಒಂದು ಮದುವೆಗೆ ಊರಿಗೆ ಹೋದಾಗ ಸೋದರತ್ತೆಯ ಮನೆಯ ಅಟ್ಟದಲ್ಲಿ ಅಜ್ಜಿ ಮಾಡಿದ ಮಡಕೆಯೊಂದು ಸಿಕ್ಕಿತು. ಚಕ್ರ ತಿರುಗಿಸುವುದು ಗಂಡಸರ ಕೆಲಸ, ಹೆಂಗಸರು ಅದನ್ನು ಮುಟ್ಟುವ ಹಾಗಿರಲಿಲ್ಲ. ಅರೆಬರೆ ಒಣಗಿದ ಮಡಕೆಯನ್ನು ಮಡಿಲಲ್ಲಿಟ್ಟುಕೊಂಡು ಮರದ ಹಲಗೆಯಿಂದ ತಟ್ಟಿ ತಟ್ಟಿ ಹೊಟ್ಟೆ ಬರಿಸುವುದು ಅಜ್ಜಿಯ ಪಾಲಿಗೆ, ಎಂದು ಅತ್ತೆ ಹೇಳಿದರು. ರಮಿತಾ ಮಡಕೆಯನ್ನು ಬೋರಲು ಹಾಕಿದಳು. ತಳದಲ್ಲಿ ಸಣ್ಣ ಸಣ್ಣ ಗೆರೆಗಳ ಗುರುತು, ಅಡ್ಡ ಮತ್ತು ಉದ್ದ. ಅಜ್ಜಿ ಮಡಿಲಿಗೆ ಹಾಸಿಕೊಳ್ಳುತ್ತಿದ್ದ ಸೀರೆಯ ತುಂಡಿನ ನೇಯ್ಗೆ ಹಸಿ ಮಣ್ಣಿಗೆ ಒತ್ತಿ, ಬೆಂದು, ಉಳಿದುಬಿಟ್ಟಿತ್ತು. ಬಟ್ಟೆಯನ್ನೂ ಮಣ್ಣನ್ನೂ ಸೇರಿಸಿದ್ದು ತನ್ನ ಸ್ವಂತ ಯೋಚನೆ ಎಂದು ಅವಳು ಅಂದುಕೊಂಡಿದ್ದಳು. ಅಟ್ಟದ ಅರೆಬೆಳಕಿನಲ್ಲಿ ಬಹಳ ಹೊತ್ತು ಆ ಗೆರೆಗಳ ಮೇಲೆ ಬೆರಳಾಡಿಸುತ್ತ ಕುಳಿತಳು.

ಈ ವರ್ಷ ಠಾಣೆಯಲ್ಲಿ ಅವಳ ಪ್ರದರ್ಶನ ಎಂದು ಗೊತ್ತಾಯಿತು, ಅದೂ ಘೋಡಬಂದರ್ ರಸ್ತೆಯ ಮಾಲ್ ಒಂದರ ಮೇಲಿನ ಮಹಡಿಯ ಗ್ಯಾಲರಿಯಲ್ಲಿ, ಅಪ್ಪನ ಮನೆಯಿಂದ ನಡೆದು ಹೋಗುವಷ್ಟು ಹತ್ತಿರ. ಗ್ಯಾಲರಿ ನೋಡಿಕೊಳ್ಳುವ ಅಶ್ಮಿತಾ ವಾಶಿಯಲ್ಲಿ ಹುಟ್ಟಿ ಬೆಳೆದ ಮಂಗಳೂರಿನವರ ಹುಡುಗಿ. ಕನ್ನಡದಲ್ಲಿ ಕೇಳಿದರೆ ಹಿಂದಿಯಲ್ಲಿ ಉತ್ತರಿಸುವವಳು. ಅಜ್ಜಿಯ ಮಡಕೆಯ ಸಂಗತಿಯನ್ನು ರಮಿತಾ ಮಾತಿನ ಮಧ್ಯೆ ಹೇಳಿದ್ದೇ ತಡ, ಅವಳು ಪ್ರವೇಶದ ಗೋಡೆಗೆ ಹಾಕುವ ಬರಹವನ್ನೇ ಬದಲಿಸಿ ಕಳಿಸಿದಳು. ಕುಂಬಾರ ಜಾತಿಯಲ್ಲಿ ಹುಟ್ಟಿ, ಕುಲಕಸುಬಿನಿಂದ ದೂರ ಬೆಳೆದು, ಮತ್ತೆ ಮಣ್ಣಿಗೆ ಮರಳಿದವಳು ಎಂದು ಅದರ ಮೊದಲ ಸಾಲು.

"ಯಾರ್, ಇದಕ್ಕಿಂತ ಒಳ್ಳೇ ಸ್ಟೋರಿ ಇದೆಯಾ?" ಎಂದಳು ಅಶ್ಮಿತಾ.

ಸ್ಟೋರಿ ಎಂಬ ಮಾತು ರಮಿತಾಗೆ ಹಿಡಿಸಲಿಲ್ಲ. ಆದರೆ ಸಾಲು ಸುಳ್ಳಾಗಿರಲಿಲ್ಲ. ಇಷ್ಟು ವರ್ಷ 'ಯಾರೂ ಇಲ್ಲ' ಎಂದು ಹೇಳಿ ಹೇಳಿ ಅಜ್ಜಿಯನ್ನು ಅಟ್ಟದಲ್ಲೇ ಕೂರಿಸಿದ್ದು ಸಾಕೆನಿಸಿತ್ತು. ಇನ್ನೊಂದು ಕಡೆ, ಆ ಗೋಡೆಯನ್ನು ಮೊದಲು ಓದುವವರು ಸೊಸೈಟಿಯವರೇ. ಅಪ್ಪ ಬೇಡವೆಂದರೆ ಹಾಕುವುದಿಲ್ಲ ಎಂದು ತನಗೆ ತಾನೇ ಹೇಳಿಕೊಂಡು ಅವಳು ಒಂದು ಬೆಳಿಗ್ಗೆ ಪೂವಪ್ಪನವರನ್ನು ಘಣಸೋಲಿಗೆ ಕರೆದುಕೊಂಡು ಹೋದಳು. ಅವರು ಅಲ್ಲಿಗೆ ಬಂದದ್ದು ಅದೇ ಮೊದಲು.

ಕೋಣೆಯೊಳಗೆ ಕಾಲಿಟ್ಟವರು ಹಲಗೆಯ ಮೇಲೆ ಮಡಚಿಟ್ಟಂತಿದ್ದ ಚೌಕುಳಿ ಬೈರಾಸನ್ನು ನೋಡಿ ನಿಂತರು. ಬಣ್ಣವಿಲ್ಲದ, ಬರೀ ಬಿಳಿಯ, ಮಣ್ಣಿನ ಬೈರಾಸು.

"ಇದು ನಂದಾ?"

"ಹ್ಞೂಂ. ಹೋಟೆಲಿಗೆ ಕೊನೇ ದಿನ ಹಾಕಿದ್ದು."

"ಇದರಲ್ಲಿ ಸಾಂಬಾರ್ ಕಲೆ ಇತ್ತು, ಎಷ್ಟು ಒಗೆದ್ರೂ ಹೋಗದ್ದು."

"ಅದೂ ಸುಟ್ಟುಹೋಯ್ತು ಅಪ್ಪ."

"ನಿನ್ನ ಅಮ್ಮನಿಗೆ ಹೇಳು. ಇಷ್ಟು ವರ್ಷ ಅವಳು ಸೋಪಿನಲ್ಲಿ ತಿಕ್ಕಿದ್ದು ದಂಡ."

ಅವರ ಮುಖದಲ್ಲಿ ನಗೆ ಕಂಡು ರಮಿತಾಗೆ ಧೈರ್ಯ ಬಂತು. ಚಕ್ರದ ಮುಂದಿನ ಮಣೆ ಸರಿಸಿ, ಕೂರಿ ನೋಡುವಾ ಎಂದಳು. ಪೂವಪ್ಪ ಪ್ಯಾಂಟು ಮಡಚಿ ಕುಳಿತರು. ಅವಳು ಮಣ್ಣಿನ ಮುದ್ದೆ ಇಟ್ಟು ಸ್ವಿಚ್ ಒತ್ತಿದಳು. ಅಪ್ಪನ ಕೈಗೆ ಏನೋ ನೆನಪಾದೀತು ಎಂದು ಅವಳ ಮನಸ್ಸಿನ ಮೂಲೆಯಲ್ಲಿ ಆಸೆಯಿತ್ತು. ಮುದ್ದೆ ಒಂದು ಸುತ್ತು ಸರಿಯಾಗಿ ತಿರುಗಿತು, ಎರಡನೆಯದಕ್ಕೆ ಓಲಾಡಿತು, ಆಮೇಲೆ ಹಾರಿ ಹೊಲಿಗೆ ಮೆಷಿನ್‌ಗೆ ಬಡಿಯಿತು.

"ರಕ್ತದಲ್ಲಿ ಇರ್ತದೆ ಅಂತಾರಲ್ಲ," ಎಂದಳು ರಮಿತಾ, ಒರೆಸುತ್ತ.

"ನನ್ನ ರಕ್ತದಲ್ಲಿ ಇರೋದು ಚಾ ಮಾತ್ರ."

ಇಬ್ಬರೂ ನಕ್ಕರು. ಆ ನಗುವಿನ ನೆರಳಲ್ಲೇ ಅವಳು ಫೋನ್ ತೆಗೆದು ಅಶ್ಮಿತಾಳ ಬರಹವನ್ನು ತುಳುವಿನಲ್ಲಿ ಓದಿ ಹೇಳಿದಳು. ಪೂವಪ್ಪ ಬಕೆಟ್ಟಿನಲ್ಲಿ ಕೈ ತೊಳೆಯುತ್ತಿದ್ದರು. ಮಣ್ಣು ಹೋದ ಮೇಲೂ ತೊಳೆಯುತ್ತಲೇ ಇದ್ದರು.

"ಅಪ್ಪನ ಜೊತೆ ಮಡಕೆ ಹೊತ್ತು ದೊಡ್ಡವರ ಮನೆಗಳಿಗೆ ಹೋಗ್ತಿದ್ದೆ," ಎಂದರು ಕೊನೆಗೆ. "ಅಂಗಳದಲ್ಲಿ ಇಳಿಸೋದು, ಹಿಂದೆ ಸರಿದು ನಿಲ್ಲೋದು. ಅವರು ಬಂದು ಒಂದೊಂದನ್ನೂ ಬೆರಳಿನಿಂದ ತಟ್ಟಿ ನೋಡೋರು. ಸರಿ ಅಂತ ಕಂಡದ್ದು ಸೀದಾ ಅಡುಗೆಮನೆಗೆ ಹೋಗ್ತಿತ್ತು. ಮಡಕೆ ಒಳಗೆ, ನಾವು ಹೊರಗೆ. ಬಿಸಿಲಿಗೆ ನನ್ನ ಕಾಲು ಸುಡ್ತಿತ್ತು, ನಾನೊಮ್ಮೆ ಜಗಲಿಯ ನೆರಳಿಗೆ ಹೋದೆ ಅಂತ ಅಪ್ಪ ಎಲ್ಲರೆದುರು ನನಗೇ ಹೊಡೆದ್ರು. ಆ ಮನೆಯವರು ಹೇಳುವ ಮೊದಲೇ ಹೊಡೆದುಬಿಟ್ರು."

ರಮಿತಾ ಒಣ ಬಟ್ಟೆಯೊಂದನ್ನು ಅವರ ಕೈಗೆ ಕೊಟ್ಟಳು.

"ಹೋಟೆಲಿಗೆ ಬಂದೆ. ಇಲ್ಲಿ ನಾನು ಕೊಟ್ಟದ್ದನ್ನು ಎಲ್ಲರೂ ತಿಂದ್ರು. ನಾನೇ ಬಡಿಸಿದ್ದು. ನಾನು ಸುಳ್ಳು ಹೇಳಿಲ್ಲ ಮಗಾ. ಅವರು ಶೆಟ್ಟಿ ಅಂದ್ರು, ನಾನು ಓ ಅಂದೆ."

"ಹಾಗಾದ್ರೆ ಇದನ್ನು ತೆಗೀಲಾ?"

"ನಿನ್ನ ಕೆಲಸ, ನಿನ್ನ ಇಷ್ಟ," ಎಂದರು. ಕೈ ಒರೆಸಿಕೊಂಡು, "ಬೇಡ," ಎಂದರು.

ಅವಳು ಅಲ್ಲೇ, ಅವರ ಎದುರಿಗೇ, ಅಶ್ಮಿತಾಗೆ ಫೋನ್ ಮಾಡಿದಳು. ಅತ್ತ ಕಡೆಯಿಂದ ಬಂದ ಮಾತುಗಳು ಪೂವಪ್ಪನವರಿಗೆ ಕೇಳಿಸದಿರಲೆಂದು ಕಿವಿಗೆ ಒತ್ತಿ ಹಿಡಿದಳು. ಇದರಲ್ಲಿ ನಾಚಿಕೆ ಪಡುವಂಥದ್ದು ಏನಿದೆ, ನಾಚಿಕೆ ಪಡಬೇಕಾದವರು ಕೀಳಾಗಿ ನೋಡಿದ ಜನ ತಾನೇ, ಎಂದು ಅಶ್ಮಿತಾ ವಾದಿಸಿ, ಕೊನೆಗೆ ಒಪ್ಪಿದಳು. ಅದು ಸರಿಯಾದ ಮಾತೇ. ಸರಿಯಾದ ಮಾತನ್ನು ಹೇಳುವುದು ಅಶ್ಮಿತಾಗೆ ಸುಲಭವಿತ್ತು, ಅವಳ ಕಾಲು ಯಾವ ಅಂಗಳದಲ್ಲೂ ಸುಟ್ಟಿರಲಿಲ್ಲ. ರಮಿತಾ ತನ್ನ ಕಾಲೂ ಸುಟ್ಟಿಲ್ಲ ಎಂದು ನೆನೆದಳು. ಹಿಂದಿರುಗುವ ರೈಲಿನಲ್ಲಿ ಅಪ್ಪ ಕಿಟಕಿಗೆ ತಲೆಯಿಟ್ಟು ನಿದ್ದೆ ಹೋದರು. ಕಿಟಕಿಯಾಚೆ ಖಾಡಿಯ ಹಿನ್ನೀರು ಹಿಂದೆ ಸರಿಯುತ್ತಿತ್ತು. ಅಪ್ಪನ ಉಗುರಿನ ಸಂದಿಯಲ್ಲಿ ಇನ್ನೂ ಸ್ವಲ್ಪ ಬಿಳಿ ಮಣ್ಣು ಉಳಿದಿತ್ತು.

ಪ್ರದರ್ಶನದ ಮೊದಲ ಸಂಜೆ ಮುಕ್ತಾತಾಯಿ ಅರ್ಧ ಸೊಸೈಟಿಯನ್ನು ಕರೆದುಕೊಂಡು ಬಂದರು. ಶೆಟ್ಟಿ ಅಂಕಲ್ ಮಗಳ ಎಕ್ಸಿಬಿಷನ್ ಎಂದು ಗ್ರೂಪಿನಲ್ಲಿ ಅವರೇ ಹಾಕಿದ್ದರು. ನೈಟಿಯ ಮುಂದೆ ಹೆಂಗಸರ ನಗು ತಡೆಯಲಾಗಲಿಲ್ಲ. ನಳಿನಾಕ್ಷಿ ಒಳ್ಳೆಯ ಸೀರೆಯುಟ್ಟು ಅದರ ಪಕ್ಕದಲ್ಲೇ ನಿಂತು, "ನೋಡಿ, ಇವತ್ತು ನಾನೊಂದು ಕಡೆ, ಅದೊಂದು ಕಡೆ" ಎಂದು ಮರಾಠಿಯಲ್ಲಿ ಎಲ್ಲರಿಗೂ ಹೇಳುತ್ತಿದ್ದರು. ಪ್ರವೇಶದ ಗೋಡೆಯ ಮೇಲೆ ರಮಿತಾಳ ಹೆಸರು, ಓದಿದ ಕಾಲೇಜು, ಅಷ್ಟೇ. ಪೂವಪ್ಪ ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲಿ ಬೈರಾಸಿನ ಹತ್ತಿರ ಚಹಾದ ಕಪ್ಪು ಹಿಡಿದು ನಿಂತಿದ್ದರು, ಯಾರಾದರೂ ತೀರ ಹತ್ತಿರ ಬಂದರೆ ಕೈ ಅಡ್ಡ ಹಿಡಿಯುತ್ತ. ರಮಿತಾ ಎದುರಿನ ಗೋಡೆಯ ಬಳಿ ಯಾರೊಂದಿಗೋ ಮಾತಾಡುತ್ತಿದ್ದಳು, ಕಿವಿ ಮಾತ್ರ ಇತ್ತ.

ಮುಕ್ತಾತಾಯಿ ಬೈರಾಸಿಗೆ ಒಂದು ಸುತ್ತು ಬಂದು ಕೇಳಿದರು: "ಶೆಟ್ಟಿಜೀ, ನಿಮ್ಮದು ಹೋಟೆಲ್ ಲೈನ್. ಈ ಹುಡುಗಿಗೆ ಮಣ್ಣು ಎಲ್ಲಿಂದ ಬಂತು?"

ಪೂವಪ್ಪ ಕಪ್ಪಿನೊಳಗೆ ನೋಡಿದರು. ಅವರು ತಡವರಿಸುವುದನ್ನು ಕಂಡು ಅಶ್ಮಿತಾ ಮುಂದೆ ಬಂದಳು. ಒಪ್ಪಿಕೊಂಡ ಮಾತನ್ನು ಉಳಿಸಲಿಕ್ಕೆಂದೇ ಬಂದಳು, ಪಾಪ. "ಎಲ್ಲಾ ಸ್ವಂತ ಕಲಿಕೆ ಆಂಟಿ. ಮನೇಲಿ ಹಿಂದೆ ಯಾರೂ ಇದನ್ನು ಮಾಡಿದವರಿಲ್ಲ. ಕೋಯಿ ಭೀ ನಹೀಂ."

"ಇದ್ರು," ಎಂದರು ಪೂವಪ್ಪ.

ಅಶ್ಮಿತಾ ತಿರುಗಿ ನೋಡಿದಳು.

"ನನ್ನ ತಾಯಿ ಮಾಡ್ತಿದ್ರು. ಕಲ್ಯಾಣಿ ಅಂತ. ತಂದೆಯೂ ಮಾಡ್ತಿದ್ರು, ಅವರ ತಂದೆಯೂ." ಹಿಂದಿಯಲ್ಲಿ ಹೇಳುತ್ತಿದ್ದ ಅವರು ಕಪ್ಪನ್ನು ಇನ್ನೊಂದು ಕೈಗೆ ಬದಲಿಸಿದರು. "ನಾವು ಶೆಟ್ಟಿ ಅಲ್ಲ ಮುಕ್ತಾತಾಯಿ. ಹಮ್ ಕುಮ್ಹಾರ್ ಹೈಂ."

ರಮಿತಾಳ ಎದುರಿಗಿದ್ದವರು ಏನೋ ಕೇಳಿದರು, ಅವಳಿಗೆ ಕೇಳಿಸಲಿಲ್ಲ.

ಮುಕ್ತಾತಾಯಿ ಸೊಂಟದ ಮೇಲೆ ಕೈಯಿಟ್ಟರು. "ಪ್ರತಿ ದಿವಾಳಿಗೆ ಎಣ್ಣೆ ಸೋರದ ಪಣತಿ ಎಲ್ಲೂ ಸಿಗೋದಿಲ್ಲ ಅಂತ ನಿಮ್ಮ ಬಾಗಿಲಲ್ಲೇ ನಿಂತು ಅಳ್ತೇನೆ. ಒಂದು ದಿನ ಬಾಯಿ ಬಿಟ್ಟಿದ್ದೀರಾ ನೀವು?"

"ನನಗೆ ಮಾಡ್ಲಿಕ್ಕೆ ಬರೋದಿಲ್ಲ."

"ಮತ್ತೆ ಆ ಸಾಂಬಾರ್? ಅದಾದ್ರೂ ಬರ್ತದೋ ಇಲ್ವೋ?"

"ಸಾಂಬಾರ್ ಬರ್ತದೆ."

"ಹಾಗಾದ್ರೆ ಬಚಾವ್," ಎಂದು ಮುಕ್ತಾತಾಯಿ ಮುಂದಿನ ಕಲಾಕೃತಿಯತ್ತ ಹೋದರು. ಜೊತೆಗಿದ್ದ ಹೆಂಗಸರು ನಕ್ಕರು. ಗಣಪತಿ ಮಂಡಳಿಯ ಹಿರಿಯರೊಬ್ಬರು ಮಾತ್ರ ನಗದೆ, ಫೋನ್ ತೆಗೆದು ನೋಡುತ್ತ, ಮೆಲ್ಲನೆ ಬಾಗಿಲ ಕಡೆ ಸರಿದರು. ಅವರಿಗೆ ನಿಜವಾಗಿ ಫೋನ್ ಬಂದಿತ್ತೋ ಏನೋ. ಪೂವಪ್ಪ ಅವರ ಬೆನ್ನನ್ನೇ ನೋಡುತ್ತ ಉಳಿದ ಚಹಾ ಕುಡಿದರು.

ಜನ ಕರಗಿದ ಮೇಲೆ ಅಶ್ಮಿತಾ ಹತ್ತಿರ ಬಂದು, ದನಿಯಲ್ಲಿನ ಸಂತೋಷ ಅಡಗಿಸಲಾಗದೆ, "ಅಂಕಲ್, ಹಾಗಾದ್ರೆ ಆ ಬರಹ ನಾಳೆ ಹಾಕಿಸಲಾ?" ಎಂದಳು.

"ಬೇಡ."

"ಈಗ ನೀವೇ ಹೇಳಿದ್ರಲ್ಲ."

"ಗೋಡೆ ಮೇಲೆ ಬರೆದ್ರೆ ನಾನು ಮನೆಯಲ್ಲಿ ಕೂತಿರುವಾಗ ಯಾರ್ಯಾರೋ ಓದ್ತಾರೆ," ಎಂದರು ಪೂವಪ್ಪ. "ಓದಿದವರ ಮುಖ ನನಗೆ ಕಾಣೋದಿಲ್ಲ. ನಾನೇ ಹೇಳಿದ್ರೆ ಎದುರಿನವರ ಮುಖ ಕಾಣ್ತದೆ. ಹೇಳ್ಬೇಕಾ ಬೇಡ್ವಾ ಅಂತ ಆಗ ನೋಡ್ಕೊಳ್ಬಹುದು." ಆಮೇಲೆ ಮಗಳ ಕಡೆ ತಿರುಗಿದರು. "ನನ್ನ ಅಮ್ಮನ ಹೆಸರು ಹಾಕು. ನಿನ್ನ ಹೆಸರಿನ ಕೆಳಗೆ. ಬೇರೆಂತ ಬೇಡ."

ಮಾರನೆಯ ದಿನ ಗೋಡೆಯ ಮೇಲೆ ರಮಿತಾಳ ಹೆಸರಿನ ಕೆಳಗೆ ಕಲ್ಯಾಣಿ ಎಂದು ಬಂತು. ಯಾರು ಎಂದು ಬರೆದಿರಲಿಲ್ಲ.

ಅಂದಿನಿಂದ ಪ್ರದರ್ಶನ ಮುಗಿಯುವ ತನಕ ಪೂವಪ್ಪ ಪ್ರತಿ ಸಂಜೆ ಮಾಲ್‌ಗೆ ಬಂದು, ಗೋಡೆಯ ಪಕ್ಕದ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರತೊಡಗಿದರು. ಬಂದವರು ಓದಿ, ಕಲ್ಯಾಣಿ ಯಾರು ಎಂದು ಕೇಳುತ್ತಿದ್ದರು. ಕೆಲವರಿಗೆ ನನ್ನ ತಾಯಿ ಎಂದಷ್ಟೇ ಹೇಳಿ ಸುಮ್ಮನಾಗುತ್ತಿದ್ದರು. ಕೆಲವರಿಗೆ ಎದ್ದು ನಿಂತು, ಹಲಗೆಯಿಂದ ಮಡಕೆ ತಟ್ಟುವುದು ಹೇಗೆಂದು ಗಾಳಿಯಲ್ಲಿ ಕೈಯಾಡಿಸಿ ತೋರಿಸುತ್ತಿದ್ದರು. ಯಾರಿಗೆ ಎಷ್ಟು ಎಂಬ ಲೆಕ್ಕ ಅವರಿಗೆ ಮಾತ್ರ ತಿಳಿದಿತ್ತು. ಮೊದಮೊದಲು ರಮಿತಾ ಕಂಬದ ಮರೆಯಲ್ಲಿ ನಿಂತು ಕಾಯುತ್ತಿದ್ದಳು, ಈ ಸಲ ಹೇಳುತ್ತಾರೋ ಇಲ್ಲವೋ ಎಂದು. ಹೇಳಿದರೆ ಅವಳ ಎದೆ ಹಗುರಾಗುತ್ತಿತ್ತು, ಹೇಳದಿದ್ದರೆ ಯಾರೋ ತನ್ನನ್ನೇ ಹಿಂದಕ್ಕೆ ಸರಿಸಿದಂತಾಗುತ್ತಿತ್ತು.

ಮೂರನೆಯ ವಾರದಲ್ಲಿ ಸ್ಟೇಷನ್ ಹೋಟೆಲಿನ ಹಳೆಯ ಗಿರಾಕಿಯೊಬ್ಬರು ಬಂದರು. ಕೋಲೂರಿಕೊಂಡು ಒಳಗೆ ಬಂದವರೇ, "ಅರೇ ಶೆಟ್ಟಿ, ತೂ ಇಧರ್?" ಎಂದು ಕರೆದರು. ಪೂವಪ್ಪ ಕುರ್ಚಿಯಿಂದ ಎದ್ದು ಎರಡೂ ಕೈ ಚಾಚಿ ಹೋದರು. ಇಬ್ಬರೂ ಒಬ್ಬರನ್ನೊಬ್ಬರು ಹಿಡಿದುಕೊಂಡು, ಸಕ್ಕರೆ ಕಾಯಿಲೆ, ಮೊಮ್ಮಕ್ಕಳು, ಈಗ ಬಟ್ಟೆ ಅಂಗಡಿಯಾಗಿರುವ ಹೋಟೆಲು ಎಂದು ಮಾತಿಗೆ ತೊಡಗಿದರು. ಆಮೇಲೆ ಆ ವೃದ್ಧರು ಗೋಡೆಯ ಕಡೆ ಕೋಲು ತೋರಿಸಿ ಏನೋ ಕೇಳಿದರು.

ರಮಿತಾ ಕಂಬದ ಬಳಿ ಇದ್ದಳು. ಅಪ್ಪ ಬಾಯಿ ತೆರೆಯುವ ಮೊದಲೇ ಅವಳು ಅಲ್ಲಿಂದ ಹೊರಟು, ಅವರಿಬ್ಬರಿಗೆ ಚಹಾ ತರಲು ಕೆಳಗಿನ ಮಹಡಿಗೆ ಇಳಿದಳು.